ಮಿಸೆಸ್ ಟಲ್ಲಕ್ ಅವರ ಬಾಗಿಲು

ಹ್ಯಾಲೋವೀನ್ ದಿನ ಬೆಳಿಗ್ಗೆ ಏಳು ಗಂಟೆಗೆ ನನ್ನ ಮಗಳು ಫ್ಲೋರಾ ಅಂಗಿ ಎತ್ತಿ ಹೊಟ್ಟೆ ತೋರಿಸಿದಳು. ಹನ್ನೊಂದು ಕೆಂಪು ಗುಳ್ಳೆ. ಕಡಿಮೆಯಾದೀತೇನೋ ಎಂದು ಎರಡು ಸಲ ಎಣಿಸಿದೆ. ಅಷ್ಟರಲ್ಲಿ ಕಿವಿಯ ಹಿಂದೆ ಹನ್ನೆರಡನೆಯದು ಸಿಕ್ಕಿತು.

ಅವಳ ತಮ್ಮ ಲಾಕಿಗೆ ಮೂರು ದಿನದ ಹಿಂದೆಯೇ ಸೀತಾಳೆ ಎದ್ದಿತ್ತು. ಅವನಿಗಿನ್ನೂ ಮೂರು ವರ್ಷ; ಕೆರೆಯಬೇಡ ಎಂದರೆ ಹೆಚ್ಚು ಕೆರೆಯುವ ಜಾತಿ. ಓವನ್ನಿನಿಂದ ಬಿಸಿ ತಟ್ಟೆ ತೆಗೆಯುವ ದಪ್ಪ ಕೈಗವಸುಗಳನ್ನು ಅವನ ಎರಡೂ ಕೈಗೆ ತೊಡಿಸಿ, ಮಣಿಕಟ್ಟಿಗೆ ದಾರ ಸುತ್ತಿದ್ದೆ. ಮೂರು ದಿನದಿಂದ ನನಗೆ ಸರಿಯಾದ ನಿದ್ದೆಯಿಲ್ಲ. ಗಂಡ ಕ್ಯಾಲಮ್ ಸಮುದ್ರದ ನಡುವೆ ಎಣ್ಣೆ ಬಾವಿಯ ಕೆಲಸದಲ್ಲಿ. ಮೂರು ವಾರ ಅಲ್ಲಿ, ಮೂರು ವಾರ ಇಲ್ಲಿ. ಮನೆಗೆ ಕಾಯಿಲೆಯೋ ಸೋರಿಕೆಯೋ ಬರಬೇಕೆಂದರೆ ಅವನು ಅಲ್ಲಿರುವ ಮೂರು ವಾರವನ್ನೇ ಹುಡುಕಿಕೊಂಡು ಬರುತ್ತದೆ. ಅವನ ತಪ್ಪಲ್ಲ ಎಂದು ಗೊತ್ತು. ಆದರೂ ಆ ಬೆಳಿಗ್ಗೆ ಮನಸ್ಸಿನಲ್ಲಿ ಅವನನ್ನು ಚೆನ್ನಾಗಿ ಬೈದೆ.

"ಹಾಗಾದ್ರೆ ಇವತ್ತು ಸಂಜೆ?" ಎಂದಳು ಫ್ಲೋರಾ.

"ಸಂಜೆ ಏನು? ಮೈತುಂಬಾ ಗುಳ್ಳೆ ಇಟ್ಕೊಂಡು ಊರ ಮನೆಮನೆಗೂ ಹಂಚ್ಕೊಂಡು ಬರ್ತೀಯಾ? ಮನೇಲೇ ಹಬ್ಬ ಮಾಡೋಣ."

"ಎಲ್ಲಾ ಮನೆಗೂ ಬೇಡ. ಮಿಸೆಸ್ ಟಲ್ಲಕ್ ಮನೆಗೊಂದೇ. ಅವ್ರು ಕಾಯ್ತಿರ್ತಾರೆ."

"ಯಾರೂ ಕಾಯಲ್ಲ ಕಣೇ," ಎಂದೆ. ಅಷ್ಟು ಒರಟಾಗಿ ಹೇಳಬೇಕಾಗಿರಲಿಲ್ಲ.

ನಮ್ಮ ಸ್ಕಾಟ್ಲೆಂಡಿನಲ್ಲಿ ಹ್ಯಾಲೋವೀನಿಗೆ ಮಕ್ಕಳು ಬಾಗಿಲು ತಟ್ಟಿ ಸುಮ್ಮನೆ ಚೀಲ ಒಡ್ಡುವಂತಿಲ್ಲ. ವೇಷ ಹಾಕಿಕೊಂಡು ಬಂದವರು ಹಾಡೋ, ಪದ್ಯವೋ, ಒಗಟೋ, ಏನಾದರೊಂದು ಒಪ್ಪಿಸಬೇಕು. ಅದಕ್ಕೆ ಸರದಿ ಎನ್ನುತ್ತೇವೆ. ಸರದಿ ಮುಗಿದ ಮೇಲೆಯೇ ಕಡಲೆಕಾಯಿ, ಕಿತ್ತಳೆ. ಈಚೆಗೆ ಎಲ್ಲರಿಗೂ ಅವಸರ. ಸರದಿ ಕೇಳದೆಯೇ ಒಂದು ಚಾಕಲೇಟ್ ಹಾಕಿ ಬಾಗಿಲು ಮುಚ್ಚುತ್ತಾರೆ. ಪಕ್ಕದ ಮನೆಯ ಮಿಸೆಸ್ ಟಲ್ಲಕ್ ಮಾತ್ರ ಆ ಪೈಕಿಯಲ್ಲ. ಎಂಬತ್ತು ದಾಟಿದ ಮುದುಕಿ. ಮೂವತ್ತೈದು ವರ್ಷ ಊರಿನ ಶಾಲೆಯಲ್ಲಿ ಪಾಠ ಹೇಳಿದವಳು. ನನಗೂ ಹೇಳಿದ್ದಳು, ಹಿಂದಿನ ಬೆಂಚಿನಿಂದ ನನ್ನನ್ನು ಎಬ್ಬಿಸಿ ಮಗ್ಗಿ ಹೇಳಿಸುತ್ತಿದ್ದದ್ದು ನೆನೆದರೆ ಈಗಲೂ ಅಂಗೈ ಬೆವರುತ್ತದೆ.

ಹೋದ ವರ್ಷ ಐದರ ಹುಡುಗಿ ಫ್ಲೋರಾ ಅವಳ ಬಾಗಿಲಲ್ಲಿ ನಿಂತು ಒಂದು ಹಾಡು ಶುರುಮಾಡಿದಳು. ಎರಡು ಸಾಲು ಬಂತು. ಮೂರನೆಯದಕ್ಕೆ ಬಾಯಿ ಕಟ್ಟಿತು. ನಾನು ಹಿಂದೆ ನಿಂತಿದ್ದೆ, ಅದುವರೆಗೆ ಹದಿನಾಲ್ಕು ಮನೆ ಸುತ್ತಿ ಕಾಲು ಸತ್ತುಹೋಗಿತ್ತು. ಮುದುಕಿ ಕಾದಳು. ನಾವೂ ಕಾದೆವು. ಕೊನೆಗೆ ಕಡಲೆಕಾಯಿಯ ಬಟ್ಟಲನ್ನು ಎದೆಗೆ ಒತ್ತಿ ಹಿಡಿದು, "ಸರದಿ ಇಲ್ಲ, ಕಡಲೆಕಾಯಿ ಇಲ್ಲ," ಎಂದಳು. ಬಾಗಿಲು ಹಾಕುವಾಗ ಇನ್ನೂ ಏನೋ ಅಂದಳು. ನಾನು ಕೇಳಿಸಿಕೊಳ್ಳಲಿಲ್ಲ. ಮಗಳ ಕೈ ಹಿಡಿದು ಆಗಲೇ ತಿರುಗಿಬಿಟ್ಟಿದ್ದೆ.

ಅಂದಿನಿಂದ ಒಂದು ವರ್ಷ ಅವಳ ಜೊತೆ ನನ್ನ ಮಾತು ಗಾಳಿ, ಮಳೆಗಷ್ಟೇ. ಗೋಡೆಗೆ ಗೋಡೆ ಅಂಟಿದ ಮನೆಗಳು ನಮ್ಮವು. ಅವಳು ಬೇಸಿಗೆಯಲ್ಲಿ ಆಸ್ಪತ್ರೆ ಸೇರಿ ಬಂದದ್ದು, ಬಂದ ಮೇಲೆ ಕೆಮ್ಮು ನಿಲ್ಲದಿರುವುದು, ಎಲ್ಲವೂ ನನಗೆ ಗೋಡೆಯ ಮೂಲಕವೇ ಗೊತ್ತು. ಒಂದು ದಿನ ಸಾರು ಕೊಟ್ಟು ಬರೋಣ ಎಂದುಕೊಂಡೆ. ಕೊಡಲಿಲ್ಲ.

ಫ್ಲೋರಾ ಮಾತ್ರ ಆ ಬಾಗಿಲನ್ನು ಮರೆತಿರಲಿಲ್ಲ. ಈ ಸಲ ಪದ್ಯವನ್ನು ತಾನೇ ಕಟ್ಟಿದ್ದಳು. ವೇಷವನ್ನೂ ತಾನೇ ಆರಿಸಿದ್ದಳು: ಹಡಗುಗಳಿಗೆ ದಾರಿ ತೋರುವ ದೀಪಸ್ತಂಭ. ಕ್ಯಾಲಮ್ ಹೊರಡುವ ಮುಂಚೆ ಹಿತ್ತಲಲ್ಲಿ ಕೂತು ರಟ್ಟನ್ನು ಸುತ್ತಿ, ಕೆಂಪು ಬಿಳಿ ಪಟ್ಟೆ ಬಳಿದು, ತಲೆಯ ಮೇಲೆ ಟಾರ್ಚ್ ಕೂರಿಸಿ ಕೊಟ್ಟಿದ್ದ. ಆರು ವರ್ಷದ ಮಗುವಿಗೆ ಊರಲ್ಲಿ ಬೇಕಾಗಿದ್ದದ್ದು ಒಂದೇ ಬಾಗಿಲು. ಆ ಬಾಗಿಲಿಗೇ ಕಳಿಸುವಂತಿರಲಿಲ್ಲ. ಹಾಳಾದ ಶ್ವಾಸಕೋಶದ ಮುದುಕಿಯ ಮುಂದೆ ಸೀತಾಳೆಯ ಮಗುವನ್ನು ನಿಲ್ಲಿಸುವಷ್ಟು ಸಿಟ್ಟು ನನಗೂ ಇರಲಿಲ್ಲ.

ಮನೆಯಲ್ಲೇ ಹಬ್ಬ ಎಂದು ಬಾಯಲ್ಲಿ ಹೇಳುವುದು ಸುಲಭ. ಮೊದಲು ಒಳಗೆ ದೀಪವಿಡಲು ಗೆಡ್ಡೆಗೆ ದೆವ್ವದ ಮುಖ ಕೊರೆಯಬೇಕು. ಕುಂಬಳಕಾಯಿ ಕೊರೆಯುವವರು ಪುಣ್ಯವಂತರು. ನಮ್ಮಮ್ಮ, ಅಜ್ಜಿ ಎಲ್ಲರೂ ಟರ್ನಿಪ್ ಗೆಡ್ಡೆಯನ್ನೇ ಕೊರೆದವರು, ನನಗೂ ಅದೇ ಹಣೆಬರಹ. ಕಲ್ಲಿನಂಥ ಗೆಡ್ಡೆ. ದಿನವಿಡೀ ಮೀನಿನ ಶೆಡ್ಡಿನಲ್ಲಿ ಚೂರಿ ಹಿಡಿಯುವವಳು ನಾನು, ನನ್ನ ಕೈಯಲ್ಲೇ ಎರಡು ಚಮಚ ಬಾಗಿದವು. ಎರಡು ಕಣ್ಣು, ಒಂದು ಮೂಗು ತೆರೆಯುವಷ್ಟರಲ್ಲಿ ಮಧ್ಯಾಹ್ನ. ಬಾಯಿ ಕೊರೆಯುವ ತ್ರಾಣ ಉಳಿಯಲಿಲ್ಲ.

"ಈ ದೆವ್ವಕ್ಕೆ ಬಾಯಿಲ್ಲ," ಎಂದಳು ಫ್ಲೋರಾ.

"ಪುಣ್ಯ. ಈ ಮನೇಲಿ ಒಬ್ರಾದ್ರೂ ಸುಮ್ನಿರ್ಲಿ."

ಮತ್ತೆ ಹಬ್ಬದ ಆಟಕ್ಕೆ ಬೆಲ್ಲದ ಪಾಕ ಬಳಿದ ರೊಟ್ಟಿ. ಅದನ್ನು ದಾರದಲ್ಲಿ ತೂಗುಹಾಕಿ, ಕೈ ಹಿಂದೆ ಕಟ್ಟಿಕೊಂಡು ಬಾಯಲ್ಲೇ ಕಚ್ಚಬೇಕು. ಅಡುಗೆಮನೆಯಲ್ಲಿ ದಾರ ಕಟ್ಟಲು ಇರುವುದು ಒಂದೇ ಜಾಗ, ಬಟ್ಟೆ ಒಣಗಿಸಲು ಮಾಡಿಗೆ ತೂಗುಬಿಟ್ಟ ಗಳು. ಅದರ ಮೇಲೆ ಮೂರು ದಿನದಿಂದ ಒಗೆದ ಹಾಸಿಗೆಯ ಬಟ್ಟೆಯೆಲ್ಲ ಇತ್ತು. ತೆಗೆದು ಎಲ್ಲಿಡಲಿ? ಹಾಸುಗಳ ನಡುವೆಯೇ ರೊಟ್ಟಿ ಕಟ್ಟಿದೆ. ಹತ್ತು ನಿಮಿಷದಲ್ಲಿ ಲಾಕಿಯ ಮುಖದ ಗುಲಾಬಿ ಬಣ್ಣದ ಲೋಷನ್ ಮೇಲೆ ಪಾಕ, ಪಾಕದ ಮೇಲೆ ಕೂದಲು, ಎಲ್ಲವೂ ಸೇರಿ ಒಗೆದ ಹಾಸಿನ ಮೇಲೆ. ಅವನು ಕೈಗವಸು ತಟ್ಟಿ ನಕ್ಕ. ಫ್ಲೋರಾ ಒಂದು ತುಂಡು ಕಚ್ಚಿ ಬಿಟ್ಟುಬಿಟ್ಟಳು.

"ಚೆನ್ನಾಗಿಲ್ವಾ?"

"ಚೆನ್ನಾಗಿದೆ," ಎಂದು ಕಿಟಕಿಯ ಕಡೆ ನೋಡಿದಳು. ಚಳಿಗಾಲ ಬಂತೆಂದು ಹಿಂದಿನ ವಾರವಷ್ಟೇ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸಿದ್ದೆವು, ನಾಲ್ಕೂವರೆಗೇ ಮಬ್ಬು. ಬೀದಿಯಲ್ಲಿ ಪಕ್ಕದ ಓಣಿಯ ಮಕ್ಕಳ ಗಲಾಟೆ ಶುರುವಾಗಿತ್ತು. ಕೆನ್ನೆಯ ಮೇಲಿನ ಗುಳ್ಳೆಗಳ ನಡುವೆ ಸದ್ದಿಲ್ಲದೆ ನೀರಿಳಿಯಿತು. ಅತ್ತು ರಂಪ ಮಾಡಿದ್ದರೆ ಗದರಬಹುದಿತ್ತು.

"ನೋಡು," ಎಂದೆ, ಯೋಚಿಸದೆಯೇ. "ನಮ್ಮನೇಲಿ ಎಷ್ಟು ಬಾಗ್ಲಿದೆ?"

ಅವಳು ಬೆರಳು ಮಡಚಿದಳು. "ಅಡುಗೆಮನೆ, ಬಚ್ಚಲು, ಮೆಟ್ಟಿಲ ಕೆಳಗಿನ ಗೂಡು, ನಿನ್ನ ರೂಮು, ನಮ್ಮ ರೂಮು... ನಮ್ಮ ರೂಮಿನ ಗೋಡೆ ಬೀರು. ಆರು."

"ಆರು ಮನೆ. ನೀವು ತಟ್ಟಿ. ನಾನು ತೆಗೀತೀನಿ."

ಮಾತು ಬಾಯಿಂದ ಬಿದ್ದ ಮೇಲೆ ಮುಗಿಯಿತು. ಅಡುಗೆಮನೆಯ ಬಾಗಿಲ ಹಿಂದೆ ಏಪ್ರನ್ ಕಟ್ಟಿಕೊಂಡು ನಮ್ಮೂರ ಕಸಾಯಿ ಡಾಡ್ ಆದೆ. ಬಚ್ಚಲಿನಲ್ಲಿ ತಲೆಗೆ ಟವೆಲ್ ಸುತ್ತಿ ಪಾದ್ರಿಯ ಹೆಂಡತಿಯಾದೆ. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಬಂದರಿನ ಕಾವಲುಗಾರ ಆಗಿ ಪೊರಕೆಗೆ ತಲೆ ಬಡಿಸಿಕೊಂಡೆ. ಪ್ರತಿ ಬಾಗಿಲಲ್ಲೂ ಮೊದಲು ನಾಯಿಯ ವೇಷದ ಲಾಕಿ "ಬೌ" ಎನ್ನುತ್ತಿದ್ದ. ಅವನ ಸರದಿ ಅಷ್ಟೇ. ಆಮೇಲೆ ದೀಪಸ್ತಂಭ ಮುಂದೆ ಬಂದು ಒಪ್ಪಿಸುತ್ತಿತ್ತು:

"ಗೆಡ್ಡೆಯೊಳಗೆ ದೀಪವಿಟ್ಟೆ,
ದೆವ್ವದ ಮೂಗು ಸುಟ್ಟುಬಿಟ್ಟೆ.
ದೆವ್ವ ಅತ್ತು ಮನೆಗೆ ಹೋಯ್ತು,
ಅವರಮ್ಮ ಬೈದಳು, ಸಾಕೋ ಸಾಕಾಯ್ತು!"

ಐದು ಬಾಗಿಲಲ್ಲೂ ಒಂದಕ್ಷರ ತಪ್ಪಲಿಲ್ಲ. ಐದನೆಯ ಬಾಗಿಲ ಹೊತ್ತಿಗೆ ನಾನು ಯಾರಾಗಿದ್ದೇನೆ ಎಂದು ನನಗೇ ನೆನಪಿರಲಿಲ್ಲ.

ಉಳಿದದ್ದು ಗೋಡೆ ಬೀರು. "ಇದು ಮಿಸೆಸ್ ಟಲ್ಲಕ್ ಬಾಗ್ಲು," ಎಂದಳು ಫ್ಲೋರಾ ಗಂಭೀರವಾಗಿ. ಅದು ಸರಿಯೇ. ಎರಡೂ ಮನೆ ಒಂದು ಕಾಲಕ್ಕೆ ಒಂದೇ ಆಗಿದ್ದವಂತೆ. ಆ ಬೀರು ಇರುವ ಕಡೆ ಹಿಂದೆ ದಾರಿಯಿತ್ತು, ಆಮೇಲೆ ಹಲಗೆ ಹೊಡೆದು ಮುಚ್ಚಿದರು. ಹಲಗೆಯ ಆಚೆ ಮುದುಕಿಯ ಮಲಗುವ ಕೋಣೆ. ಆದರೆ ಆ ಹೊತ್ತಿನಲ್ಲಿ ಅವಳು ಕೆಳಗೆ ರೇಡಿಯೋ ಮುಂದೆ ಕೂತಿರುತ್ತಾಳೆ ಎಂಬುದು ನನ್ನ ಇಷ್ಟು ವರ್ಷದ ಅನುಭವ.

ಬೀರುವಿನೊಳಗೆ ಕೋಟುಗಳನ್ನು ಸರಿಸಿ, ಮೊಣಕಾಲು ಮಡಚಿ ಕೂತೆ. ಕತ್ತಲು, ಹಳೆಯ ಉಣ್ಣೆಯ ವಾಸನೆ. ಆ ದಿನ ಮೊದಲ ಸಲ ಕೂತದ್ದು. ಅಲ್ಲೇ ನಿದ್ದೆ ಹೋಗಬಹುದಿತ್ತು. ಮಕ್ಕಳು ಬಾಗಿಲು ತಟ್ಟಿದರು. ನಾನು ತೆರೆದು, ಕತ್ತು ಉದ್ದ ಮಾಡಿ, ಮೂಗಿನಿಂದ ಮಾತಾಡಿದೆ.

"ಯಾರದು? ಓ, ರೋನಾಳ ಮಗಳಾ? ನೆಟ್ಟಗೆ ನಿಂತ್ಕೋ! ನಿಮ್ಮಮ್ಮನೂ ಹೀಗೇ ಗೂನು ಬೆನ್ನು. ಹನ್ನೆರಡರ ಮಗ್ಗಿ ಅಂದ್ರೆ ಹೊಟ್ಟೆನೋವು ಬರ್ತಿತ್ತು ಅವಳಿಗೆ. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ! ನನ್ನ ಕಡಲೆಕಾಯಿ ಸುಮ್ನೆ ಬರಲ್ಲ ತಿಳ್ಕೋ, ಒಂದೊಂದನ್ನೂ ನಾನೇ ಮೊಟ್ಟೆ ಥರ ಕಾವು ಕೊಟ್ಟು ಸಾಕಿದ್ದೀನಿ!"

ಲಾಕಿ ಬಿದ್ದು ಬಿದ್ದು ನಕ್ಕ. ಅವನ ನಗು ಕೇಳಿ ನನಗೆ ಹುರುಪು ಬಂತು. ಒಂದು ವರ್ಷದಿಂದ ಒಳಗೆ ಹುಳಿ ಬಂದದ್ದೆಲ್ಲ ಆ ಮೂಗಿನ ದನಿಯಲ್ಲಿ ಹೊರಬಂತು. ದನಿ ಎತ್ತರಿಸಿದೆ. ಇನ್ನೂ ಎರಡು ಮಾತು ಸೇರಿಸಿದೆ. ಅವನ್ನು ಇಲ್ಲಿ ಬರೆಯುವುದಿಲ್ಲ.

ಫ್ಲೋರಾ ನಗಲಿಲ್ಲ. ಕೈ ಪಕ್ಕಕ್ಕಿಟ್ಟು ಶುರುಮಾಡಿದಳು. "ಗೆಡ್ಡೆಯೊಳಗೆ ದೀಪವಿಟ್ಟೆ, ದೆವ್ವದ ಮೂಗು ಸುಟ್ಟುಬಿಟ್ಟೆ..."

ನಿಂತಿತು. ಐದು ಬಾಗಿಲಲ್ಲಿ ನೀರಿನಂತೆ ಹರಿದ ಪದ್ಯ ಆರನೆಯದರಲ್ಲಿ ನಿಂತೇ ಹೋಯಿತು. ತಲೆಯ ಮೇಲಿನ ಟಾರ್ಚ್ ನನ್ನ ಕಣ್ಣಿಗೆ ಬಡಿಯುತ್ತಿತ್ತು. ನಾನು ಕಾದೆ.

"ಸರದಿ ಇಲ್ಲ, ಕಡಲೆಕಾಯಿ..." ಎಂದು ತಮಾಷೆಗೆ ಶುರುಮಾಡಿದೆ.

"ಅಮ್ಮ, ನೀನು ಉಸ್ ಅಂದೆ."

"ನಾನೆಲ್ಲಿ ಅಂದೆ?"

"ಅಂದೆ. ಈಗ. ಹೋದ ವರ್ಷಾನೂ ಹಿಂದೆ ನಿಂತ್ಕೊಂಡು ಹಾಗೇ ಅಂದೆ. ಅದಕ್ಕೇ ನಂಗೆ ಮರ್ತೋಯ್ತು." ದೂರುವ ದನಿಯಲ್ಲ, ಲೆಕ್ಕ ಒಪ್ಪಿಸುವಂತೆ ಹೇಳಿದಳು. "ಮನೆಗೆ ಬರ್ತಾ ಬೈದೆ. ಮೂರು ವಾರ ಹೇಳ್ಕೊಟ್ರೂ ನಾಲ್ಕು ಸಾಲು ಬರಲ್ವಾ ನಿಂಗೆ ಅಂದೆ."

ಅಂದಿದ್ದೆ. ಮರೆತಿದ್ದೆ, ಆದರೆ ಅವಳ ಬಾಯಲ್ಲಿ ಕೇಳಿದ ಕೂಡಲೇ ನನ್ನ ದನಿಯಲ್ಲೇ ಕೇಳಿಸಿತು. ದೆವ್ವ ಅತ್ತು ಮನೆಗೆ ಹೋಯ್ತು, ಅವರಮ್ಮ ಬೈದಳು. ಆ ಸಂಜೆ ಐದು ಸಲ ಕೇಳಿ ಐದು ಸಲವೂ ಚಪ್ಪಾಳೆ ತಟ್ಟಿದ್ದೆ. ಒಂದು ವರ್ಷ ಪಕ್ಕದ ಮನೆಯವಳ ಮೇಲೆ ಹೊರಿಸಿದ್ದ ಹೊರೆ ನನ್ನದೇ ಆಗಿತ್ತು. ನಾಚಿಕೆಯಾಯಿತು. ಅಳುವುದಕ್ಕೂ ಆಯಾಸ.

"ನಿನ್ ಮೇಲೆ ಅಲ್ಲ ಕಣೇ ಆ ಉಸ್ಸು," ಎಂದೆ. "ಸುಸ್ತಾದ್ರೆ ಬಂದ್ಬಿಡುತ್ತೆ. ನಂಗೇ ಗೊತ್ತಾಗಲ್ಲ."

"ಗೊತ್ತು," ಎಂದಳು ಫ್ಲೋರಾ. "ಆದ್ರೂ ಮರ್ತೋಗುತ್ತೆ."

"ಸರಿ. ಹಾಗಾದ್ರೆ ನಾನು ಹೊರಗೆ, ನೀನು ಒಳಗೆ. ಬಾಗ್ಲು ಹಾಕ್ಕೋ. ಯಾರೂ ನೋಡಲ್ಲ, ಯಾರೂ ಉಸ್ ಅನ್ನಲ್ಲ. ನಿಂಗೆ ಬೇಕಾದಾಗ ಹೇಳು. ಹೇಳ್ದೇ ಇದ್ರೂ ಪರವಾಗಿಲ್ಲ."

ದೀಪಸ್ತಂಭ ಬೀರುವಿನ ಬಾಗಿಲಲ್ಲಿ ಹಿಡಿಸಲಿಲ್ಲ. ಅದನ್ನು ಕಳಚಿ, ಟಾರ್ಚ್ ಮಾತ್ರ ತೆಗೆದುಕೊಂಡು ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು. ನಾನು ಲಾಕಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಮಂಚಕ್ಕೆ ಒರಗಿ ನೆಲದ ಮೇಲೆ ಕೂತೆ. ಉಸಿರು ಬಿಗಿಹಿಡಿದೆ, ನಿಜವಾಗಿಯೂ. ಬಾಗಿಲ ಕೆಳಗಿನ ಸಂದಿಯಲ್ಲಿ ಟಾರ್ಚಿನ ಬೆಳಕು ಅತ್ತಿತ್ತ ಓಡಾಡಿತು. ಲಾಕಿ ಕೈಗವಸಿನಿಂದ ನನ್ನ ಬಾಯಿ ಮುಚ್ಚಿದ, ಅವನಿಗೂ ಅರ್ಥವಾದಂತೆ.

ಆಮೇಲೆ ಒಳಗಿನಿಂದ ಪದ್ಯ ಬಂತು. ನಾಲ್ಕೂ ಸಾಲು. ನಡುವೆ ಎಲ್ಲೂ ನಿಲ್ಲದೆ.

ಟಕ್, ಟಕ್, ಟಕ್.

ಆ ತಟ್ಟುವಿಕೆ ಫ್ಲೋರಾಳದ್ದಲ್ಲ. ಹಲಗೆಯ ಆಚೆಯಿಂದ ಬಂದಿತ್ತು. ಅದರ ಹಿಂದೆಯೇ ಕೆಮ್ಮು.

"ಯಾರದು?" ಎಂದಿತು ಆ ದನಿ, ಮೂಗಿನಿಂದಲೇ. ನನ್ನ ಅನುಕರಣೆ ಬಹಳ ಹತ್ತಿರವೇ ಇತ್ತು.

"ಫ್ಲೋರಾ," ಎಂದಳು ಮಗಳು, ಒಂದಿಷ್ಟೂ ಬೆದರದೆ. "ನಂಗೆ ಸೀತಾಳೆ ಆಗಿದೆ. ಅದಕ್ಕೇ ಬರಕ್ಕಾಗ್ಲಿಲ್ಲ."

"ಹಾಗಾ? ನಾನು ಮೇಲೆ ಕಿಟಕಿ ಹತ್ರ ಕೂತು ನೋಡ್ತಾನೇ ಇದ್ದೆ, ದೀಪಸ್ತಂಭ ಯಾವಾಗ ಬರುತ್ತೆ ಅಂತ. ನಿಮ್ಮಪ್ಪ ಹಿತ್ತಲಲ್ಲಿ ಬಣ್ಣ ಬಳೀತಿದ್ದದ್ದು ನೋಡಿದ್ದೆ." ಮತ್ತೆ ಕೆಮ್ಮು. "ಕೊನೇ ಸಾಲು ಇನ್ನೊಂದ್ಸಲ ಹೇಳು ಮಗು. ಈ ಕೆಮ್ಮಲ್ಲಿ ಕೇಳಿಸ್ಲಿಲ್ಲ."

"ಅವರಮ್ಮ ಬೈದಳು, ಸಾಕೋ ಸಾಕಾಯ್ತು!"

ಹಲಗೆಯ ಆಚೆ ನಗು ಕೇಳಿಸಿತು. ಅವಳ ನಗುವನ್ನು ನಾನು ಶಾಲೆಯ ಏಳು ವರ್ಷದಲ್ಲೂ ಕೇಳಿರಲಿಲ್ಲ. "ಭೇಷ್. ಇದು ಸರದಿ ಅಂದ್ರೆ. ಅಲ್ಲಾ, ನಿನಗಿಂತ ಮುಂಚೆ ನನ್ನ ದನೀಲಿ ಮಾತಾಡ್ತಿದ್ದದ್ದು ಯಾರು?"

"ಅಮ್ಮ," ಎಂದಳು ನನ್ನ ಮಗಳು. ಗೋಡೆಗೂ ಕಿವಿಯಿದೆ ಎಂದು ನೂರು ಸಲ ಮಕ್ಕಳಿಗೆ ಹೇಳಿದವಳು ನಾನು. ಈಗ ಆ ಗೋಡೆಯೊಳಗೇ ಹೋಗಿ ಸೇರಿಕೊಳ್ಳಬೇಕು ಅನ್ನಿಸಿತು.

"ಓಹೋ," ಎಂದಿತು ದನಿ. ಅಷ್ಟೇ. ಊರುಗೋಲಿನ ಸದ್ದು ನಿಧಾನವಾಗಿ ದೂರವಾಯಿತು.

ಹತ್ತು ನಿಮಿಷವಾದ ಮೇಲೆ ನಮ್ಮ ಮುಂಬಾಗಿಲ ಮೇಲೆ ಕೋಲಿನ ಒಂದು ಏಟು ಬಿತ್ತು. ಮಕ್ಕಳನ್ನು ಮೇಲೆಯೇ ಬಿಟ್ಟು ಇಳಿದು ತೆಗೆಯುವಷ್ಟರಲ್ಲಿ ಪಕ್ಕದ ಬಾಗಿಲು ಮುಚ್ಚುತ್ತಿತ್ತು. ಬಾಯಿಲ್ಲದ ಗೆಡ್ಡೆಯ ದೀಪದ ಪಕ್ಕ ಮೆಟ್ಟಿಲ ಮೇಲೆ ಎರಡು ಕಾಗದದ ಚೀಲ. ಒಂದು ಹಳೆಯದು, ಮಡಿಕೆಗಳಲ್ಲಿ ಸವೆದದ್ದು. ಅದರ ಮೇಲೆ ಫ್ಲೋರಾಳ ಹೆಸರು, ಹೋದ ವರ್ಷದ ಇಸವಿ. ಇಸವಿಯನ್ನು ಹೊಡೆದು ಪಕ್ಕದಲ್ಲಿ ಈ ವರ್ಷದ್ದು ಬರೆದಿತ್ತು. ಒಳಗೆ ಹೊಸ ಕಡಲೆಕಾಯಿ, ಎರಡು ಕಿತ್ತಳೆ.

ಇನ್ನೊಂದು ಚೀಲದ ಮೇಲೆ ‘ರೋನಾ’ ಎಂದಿತ್ತು. ಕೆಂಪು ಪೆನ್ಸಿಲ್ಲು, ನನ್ನ ನೋಟ್‌ಬುಕ್ಕುಗಳ ಅಂಚಿನಲ್ಲಿ ಇರುತ್ತಿದ್ದ ಅದೇ ಓರೆ ಅಕ್ಷರ: ‘ಅಭಿನಯ ಚೆನ್ನಾಗಿದೆ. ಕೊನೆಯ ಸಾಲು ಬಿಟ್ಟಿದ್ದೀಯ. ಹತ್ತಕ್ಕೆ ಆರು.’

ಮೇಲೆ ಹೋಗಿ ಫ್ಲೋರಾಳ ಚೀಲ ಅವಳ ಮಡಿಲಿಗಿಟ್ಟೆ. ಹೆಸರು, ಹೊಡೆದ ಇಸವಿ ಎಲ್ಲವನ್ನೂ ಬೆರಳಿಂದ ಮುಟ್ಟಿ ನೋಡಿದಳು. ಅವಳಿಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ.

"ಫ್ಲೋರಾ, ಹೋದ ವರ್ಷ ಬಾಗ್ಲು ಹಾಕೋವಾಗ ಅವ್ರು ಏನಂದ್ರು?"

"ನಿಂಗೊತ್ತಿಲ್ವಾ? ‘ಮುಂದಿನ ವರ್ಷ ಬಾ, ನಿನ್ನ ಪಾಲು ಎತ್ತಿಟ್ಟಿರ್ತೀನಿ’ ಅಂದ್ರು." ಒಂದು ಕಡಲೆಕಾಯಿ ಒಡೆದು ಬೀಜವನ್ನು ತಮ್ಮನ ಬಾಯಿಗೆ ಹಾಕಿದಳು. "ಅದಕ್ಕೇ ಕಾಯ್ತಿರ್ತಾರೆ ಅಂದದ್ದು."

ಇಬ್ಬರೂ ಸಿಪ್ಪೆಯನ್ನೆಲ್ಲ ನೆಲಕ್ಕೆ ಹರಡುತ್ತಾ ತಿನ್ನತೊಡಗಿದರು. ಗುಡಿಸಬೇಕು, ಹಾಸು ಮತ್ತೆ ಒಗೆಯಬೇಕು, ಲೋಷನ್ ಹಚ್ಚಬೇಕು. ನಾನು ಬೀರುವಿನೊಳಗೆ ತೆವಳಿ ಹೋಗಿ, ಕೋಟುಗಳ ನಡುವೆ ಮೊಣಕಾಲೂರಿ, ಹಲಗೆ ತಟ್ಟಿದೆ. ಆಚೆ ಕುರ್ಚಿ ಕಿರುಗುಟ್ಟಿತು. ಅವರು ಅಲ್ಲೇ ಇದ್ದರು.

"ಮಿಸೆಸ್ ಟಲ್ಲಕ್," ಎಂದೆ. ಏನೇನೋ ಹೇಳಬೇಕೆಂದಿದ್ದೆ, ಸಾರಿನ ವಿಷಯ, ಆಸ್ಪತ್ರೆಯ ವಿಷಯ, ಕ್ಷಮೆಯ ವಿಷಯ. ಬಾಯಿಂದ ಬಂದದ್ದು ಇಷ್ಟೇ, ಅದೂ ಮೆಲ್ಲಗೆ. "ಮುಂದಿನ ವರ್ಷ ಬರ್ತೀವಿ. ನಮ್ಮ ಪಾಲು ಎತ್ತಿಟ್ಟಿರಿ."

ಕೆಮ್ಮು ಬಂತು, ಬಹಳ ಹೊತ್ತು ನಿಲ್ಲಲಿಲ್ಲ. ನಿಂತ ಮೇಲೆ ಅವರ ದನಿ ಹಲಗೆಗೆ ಇನ್ನಷ್ಟು ಹತ್ತಿರ ಬಂದಿತ್ತು.

"ಜೋರಾಗಿ ಹೇಳು, ರೋನಾ. ಹಿಂದಿನ ಬೆಂಚಿಗೆ ಕೇಳಿಸ್ಬೇಕು."